ರೋಧ ಅಳೆಯಬೇಕಾದರೆ ಕರೆಂಟು ಹರಿಯುತ್ತಿರಬೇಕು

ಮನೆ ವೈರಿಂಗು, ಪಂಪ್‌ಸೆಟ್ಟು ನನ್ನ ಕೆಲಸ. ಜೊತೆಗೆ ಕಲಿಯಲು ಬರುವ ಐಟಿಐ ಹುಡುಗರಿಗೆ ಸೂತ್ರ ಬಾಯಿಪಾಠವಾಗಿರುತ್ತದೆ: ವೋಲ್ಟನ್ನು ಆಂಪಿನಿಂದ ಭಾಗಿಸಿದರೆ ಓಮ್, ಅಂದರೆ ಕರೆಂಟನ್ನು ತಡೆಯುವ ರೋಧ (ರೆಸಿಸ್ಟೆನ್ಸ್); ಗುಣಿಸಿದರೆ ವ್ಯಾಟ್. ಆದರೂ ಕೆಲಸದ ಜಾಗದಲ್ಲಿ ‘ರೆಸಿಸ್ಟೆನ್ಸ್ ಎಷ್ಟಿದೆ ನೋಡು’ ಅಂದರೆ ಕೈ ನೇರವಾಗಿ ಮಲ್ಟಿಮೀಟರಿನ ಓಮ್ ಗುಂಡಿಗೆ ಹೋಗುತ್ತದೆ. ಆ ಗುಂಡಿ ಹೇಳದೇ ಇರುವುದನ್ನು ಈ ಸೂತ್ರ ಹೇಳುತ್ತದೆ. ಒಂದು ಗೀಸರಿನ ಲೆಕ್ಕ ಕೊಡುತ್ತೇನೆ.

ಆ ಮನೆಯವರ ದೂರು ಇಷ್ಟು: ಬಚ್ಚಲಮನೆಯ ಸಾಕೆಟ್ ಬಿಸಿಯಾಗುತ್ತದೆ, ಸುಟ್ಟ ವಾಸನೆ ಬರುತ್ತದೆ, ಹೊಸ ಸಾಕೆಟ್ ಹಾಕಿಸಿದರೂ ಅದೇ ಕಥೆ. ಕರೆಂಟು ಮಿತಿ ಮೀರಿದರೆ ತಾನೇ ಆಫ್ ಆಗುವ ಎಂಸಿಬಿ ಮಾತ್ರ ಒಮ್ಮೆಯೂ ಬಿದ್ದಿಲ್ಲ. ಗೀಸರ್ 2000 ವ್ಯಾಟಿನದು. ಮೇನ್ ಆಫ್ ಮಾಡಿ ಓಮ್‌ನಲ್ಲಿ ಲೈನ್ ನೋಡಿದರೆ ದೋಷವೇ ಕಾಣಲಿಲ್ಲ. ಕಾಣುವುದೂ ಇಲ್ಲ. ಮಾಮೂಲಿ ಮೀಟರಿನ ಎರಡು ಕಡ್ಡಿಗಳನ್ನು ಒಂದಕ್ಕೊಂದು ಮುಟ್ಟಿಸಿದರೇ ಕೆಲವೊಮ್ಮೆ ಅರ್ಧ ಓಮಿನ ಹತ್ತಿರ ತೋರಿಸುತ್ತದೆ. ಅಷ್ಟೇ ರೋಧ ಇರುವ ಜಾಯಿಂಟನ್ನು ಅದರಲ್ಲಿ ಹುಡುಕುವುದು ಹೇಗೆ?

ಹಾಗಾಗಿ ಗೀಸರ್ ಹಾಕಿಸಿ, ಅದು ಓಡುತ್ತಿರುವಾಗಲೇ ಅಳತೆ ತೆಗೆದೆವು. ಬೋರ್ಡಿನಲ್ಲಿ 228 ವೋಲ್ಟ್. ಗೀಸರಿನ ಟರ್ಮಿನಲ್ಲಿನಲ್ಲಿ 222. ವೈರಿನ ಸುತ್ತ ಹಿಡಿದು ಕರೆಂಟು ಅಳೆಯುವ ಕ್ಲಾಂಪ್ ಮೀಟರಿನಲ್ಲಿ 8.4 ಆಂಪ್. ಗೀಸರ್ ಆಫ್ ಮಾಡಿದ ತಕ್ಷಣ ಎರಡೂ ಕಡೆ ವೋಲ್ಟೇಜ್ ಒಂದೇ ಆಯಿತು. ಅಂದರೆ ಆ 6 ವೋಲ್ಟ್ ದಾರಿಯಲ್ಲಿ ಕಳೆದುಹೋಗುವುದು ಕರೆಂಟು ಹರಿಯುವಾಗ ಮಾತ್ರ.

ಮೊದಲು ಗೀಸರ್ ಸರಿಯಿದೆಯೇ? 222 ಭಾಗಿಸು 8.4, ಸುಮಾರು 26.4 ಓಮ್. 230 ವೋಲ್ಟಿಗೆ 2000 ವ್ಯಾಟಿನ ಎಲಿಮೆಂಟಿಗೆ (ನೀರು ಕಾಯಿಸುವ ತಂತಿಗೆ) ಇರಬೇಕಾದದ್ದೂ ಅಷ್ಟೇ. 230ರ ವರ್ಗವನ್ನು 2000ದಿಂದ ಭಾಗಿಸಿ ನೋಡಿ, 26.45 ಬರುತ್ತದೆ. ಎಲಿಮೆಂಟಿನ ತಪ್ಪಿಲ್ಲ. ಇನ್ನು ದಾರಿಯ ರೋಧ: 6 ಭಾಗಿಸು 8.4, ಅಂದರೆ 0.71 ಓಮ್. ವೈರು 2.5 ಚದರ ಮಿ.ಮೀ. ತಾಮ್ರ, ಕಿಲೋಮೀಟರಿಗೆ ಸುಮಾರು 7.4 ಓಮ್. ಬೋರ್ಡಿನಿಂದ ಬಚ್ಚಲಿಗೆ 15 ಮೀಟರ್. ಹೋಗುವ ಫೇಸ್, ಬರುವ ನ್ಯೂಟ್ರಲ್ ಎರಡನ್ನೂ ಲೆಕ್ಕಕ್ಕೆ ಹಿಡಿದರೆ 30 ಮೀಟರ್, ಅದರ ಪಾಲು 0.22 ಓಮ್. ಉಳಿದ 0.49 ಓಮಿಗೆ ಲೆಕ್ಕ ಕೊಡುವವರಿಲ್ಲ.

ಅರ್ಧ ಓಮ್ ತಾನೇ ಅಂತ ಬಿಡುವ ಹಾಗಿಲ್ಲ. ಆಂಪಿನ ವರ್ಗವನ್ನು ಓಮಿನಿಂದ ಗುಣಿಸಿ: 8.4ರ ವರ್ಗ ಸುಮಾರು 70.6, ಅದಕ್ಕೆ 0.49, ಹತ್ತಿರ ಹತ್ತಿರ 35 ವ್ಯಾಟ್. ನಮ್ಮ ಬ್ಯಾಗಿನಲ್ಲಿರುವ ಸೋಲ್ಡರಿಂಗ್ ಐರನ್ 25 ವ್ಯಾಟಿನದು. ಅದು ಸೀಸ ಕರಗಿಸುತ್ತದೆ. ಅದಕ್ಕಿಂತ ಹೆಚ್ಚಿನ ಶಾಖ ಗೋಡೆಯೊಳಗೆ ಒಂದೇ ಬಿಂದುವಿನಲ್ಲಿ, ಗೀಸರ್ ಓಡುವಷ್ಟು ಹೊತ್ತೂ ಹುಟ್ಟುತ್ತಿತ್ತು. ಸಾಕೆಟ್ಟಿನ ಹಿಂದಿನ ಡಬ್ಬಿ ಬಿಚ್ಚಿದರೆ ನ್ಯೂಟ್ರಲ್ ವೈರನ್ನು ಬರೀ ತಿರುಚಿ ಟೇಪ್ ಸುತ್ತಿದ ಜಾಯಿಂಟ್. ತಾಮ್ರ ಕಪ್ಪಾಗಿತ್ತು, ಪಿವಿಸಿ ಪುಡಿಪುಡಿಯಾಗಿತ್ತು. ಕತ್ತರಿಸಿ ತೆಗೆದು, ಒಂದೇ ತುಂಡು ವೈರು ಎಳೆದು, ಸ್ಕ್ರೂ ಬಿಗಿ ಮಾಡಿದ ಮೇಲೆ ಬೋರ್ಡಿಗೂ ಗೀಸರಿಗೂ ನಡುವಿನ ವ್ಯತ್ಯಾಸ 2 ವೋಲ್ಟಿನೊಳಗೆ ಬಂತು.

ಎಂಸಿಬಿ ಯಾಕೆ ಬೀಳಲಿಲ್ಲ ಎಂದು ಮನೆಯವರು ಕೇಳಿದರು. ಎಲ್ಲರಿಗೂ ತಿಳಿದಿರಬೇಕಾದ ವಿಷಯ ಇದು. ಲೂಸ್ ಜಾಯಿಂಟ್ ಕರೆಂಟನ್ನು ಹೆಚ್ಚಿಸುವುದಿಲ್ಲ, ಸ್ವಲ್ಪ ಕಡಿಮೆಯೇ ಮಾಡುತ್ತದೆ. ಎಂಸಿಬಿ ನೋಡುವುದು ಕರೆಂಟನ್ನು. 8.4 ಆಂಪ್ ಅದರ ಮಟ್ಟಿಗೆ ಸಂಪೂರ್ಣ ಸರಿ. ಸಾಕೆಟ್ ಬಿಸಿಯಾದರೆ ‘ಎಂಸಿಬಿ ಇದೆಯಲ್ಲ’ ಎಂದು ಸುಮ್ಮನಿರಬೇಡಿ, ದಯವಿಟ್ಟು.

ಹುಡುಗರಿಗೆ ಅಳತೆಯ ಬಗ್ಗೆ ಎರಡು ಮಾತು. ಕ್ಲಾಂಪ್ ಮೀಟರಿನ ಬಾಯೊಳಗೆ ಒಂದೇ ವೈರು ಇರಬೇಕು. ಫೇಸ್, ನ್ಯೂಟ್ರಲ್ ಎರಡನ್ನೂ ಸೇರಿಸಿ ಹಿಡಿದರೆ ಒಂದನ್ನೊಂದು ಕಳೆದು ಸೊನ್ನೆ ತೋರಿಸುತ್ತದೆ. ಸೊನ್ನೆ ಬರದಿದ್ದರೆ ಎಲ್ಲೋ ಲೀಕೇಜ್ ಇದೆ ಎಂದರ್ಥ. ಇನ್ನೊಂದು, ಇವು ಜೀವಂತ ಲೈನಿನ ಅಳತೆಗಳು. ಒದ್ದೆ ಬಚ್ಚಲಿನಲ್ಲಿ ಬರಿಗಾಲಲ್ಲಿ ನಿಂತು ಗೀಸರಿನ ಮುಚ್ಚಳ ಬಿಚ್ಚುವ ಕೆಲಸ ಬೇಡ. ಮನೆಯವರಂತೂ ಇದಕ್ಕೆ ಕೈಹಾಕಲೇಬಾರದು.

ಗೀಸರಿನ ಎಲಿಮೆಂಟಿನ ರೋಧ ತಣ್ಣಗಿದ್ದರೂ ಬಿಸಿಯಾದರೂ ಹೆಚ್ಚು ಬದಲಾಗದು. ಹಳೆಯ 100 ವ್ಯಾಟ್ ಬಲ್ಬ್ ಹಾಗಲ್ಲ. ಉರಿಯುವಾಗ 529 ಓಮ್ ಇರುವ ತಂತಿ ಆರಿದಾಗ ಸುಮಾರು 40 ಓಮ್ ತೋರಿಸುತ್ತದೆ. ಓಮ್ ಗುಂಡಿ ಹೇಳದೇ ಇರುವುದರಲ್ಲಿ ಇದೂ ಒಂದು.

ವೋಲ್ಟೇಜ್ ಬಿದ್ದಾಗಲೂ ಇದೇ ಲೆಕ್ಕ. ಸಂಜೆ 190 ವೋಲ್ಟಿಗೆ ಇಳಿದರೆ ಅದೇ ಗೀಸರ್ ಎಳೆಯುವುದು 7.2 ಆಂಪ್, ಕೊಡುವುದು 1365 ವ್ಯಾಟ್. 15 ಲೀಟರ್ ನೀರನ್ನು 25 ಡಿಗ್ರಿಯಿಂದ 60ಕ್ಕೆ ಏರಿಸಲು ಪೂರ್ತಿ ವೋಲ್ಟೇಜಿನಲ್ಲಿ 18 ನಿಮಿಷ ಸಾಕು. ಈಗ 27 ನಿಮಿಷ ಬೇಕು. ಗೀಸರ್ ಕೆಟ್ಟಿದೆ ಎಂದು ಕರೆಯುವವರಲ್ಲಿ ಕೆಲವರ ಮನೆಯಲ್ಲಿ ಕೆಟ್ಟಿರುವುದು ವೋಲ್ಟೇಜ್ ಅಷ್ಟೇ.

ಪಂಪಿನ ಮೋಟರಿಗೆ ಮಾತ್ರ ಈ ಸೂತ್ರವನ್ನು ಹಾಗೇ ಹಚ್ಚಬಾರದು. 1 ಎಚ್‌ಪಿ ಸಂಪ್ ಮೋಟರಿನ ವೈಂಡಿಂಗ್ (ಒಳಗೆ ಸುತ್ತಿದ ತಂತಿ) ಓಮ್‌ನಲ್ಲಿ 4 ತೋರಿಸಿತು ಎನ್ನಿ. ಸೂತ್ರದ ಪ್ರಕಾರ 57 ಆಂಪ್ ಹರಿಯಬೇಕು. ಓಡುವಾಗ ನೋಡಿದರೆ ಆರೂವರೆ. ತಿರುಗುವ ಮೋಟರ್ ತಾನೇ ಎದುರು ವೋಲ್ಟೇಜ್ ಹುಟ್ಟಿಸಿ ಕರೆಂಟನ್ನು ತಡೆಯುತ್ತದೆ. ವೋಲ್ಟೇಜ್ ಬಿದ್ದರೆ ಗೀಸರಿಗೆ ತದ್ವಿರುದ್ಧ: ನೀರಿನ ಭಾರ ಅಷ್ಟೇ ಇರುವುದರಿಂದ ಹೆಚ್ಚು ಆಂಪ್ ಎಳೆಯುತ್ತದೆ. ಕಡಿಮೆ ವೋಲ್ಟೇಜಿನಲ್ಲಿ ವೈಂಡಿಂಗ್ ಸುಡುವುದು ಇದರಿಂದಲೇ.

ಮೋಟರಿನ ವ್ಯಾಟಿಗೂ ಬರೀ ಗುಣಾಕಾರ ಸಾಲದು. 230 ಗುಣಿಸು 6.5, ಸುಮಾರು 1500 ಬರುತ್ತದೆ; ಅದು ವ್ಯಾಟ್ ಅಲ್ಲ, ವೋಲ್ಟ್-ಆಂಪಿಯರ್. ನಿಜವಾದ ವ್ಯಾಟ್ ಬೇಕಿದ್ದರೆ ಮನೆಯ ಬೇರೆಲ್ಲ ಆಫ್ ಮಾಡಿ, ಕರೆಂಟ್ ಮೀಟರಿನ ಕೆಂಪು ದೀಪ ನಿಮಿಷಕ್ಕೆ ಎಷ್ಟು ಸಲ ಮಿನುಗುತ್ತದೆ ಎಣಿಸಿ. ಯೂನಿಟ್ಟಿಗೆ ಎಷ್ಟು ಮಿನುಗು ಎಂಬುದು ಮೀಟರಿನ ಮುಖದ ಮೇಲೇ ಇರುತ್ತದೆ. ಅದು 3200 ಆಗಿದ್ದು, ನಿಮಿಷಕ್ಕೆ 64 ಮಿನುಗಿದರೆ ಗಂಟೆಗೆ 3840, ಅಂದರೆ 1.2 ಯೂನಿಟ್. ಮೋಟರ್ ಎಳೆಯುತ್ತಿರುವುದು 1200 ವ್ಯಾಟ್. ಅದನ್ನು ಆ 1500ರಿಂದ ಭಾಗಿಸಿದರೆ 0.8, ಇದಕ್ಕೇ ಪವರ್ ಫ್ಯಾಕ್ಟರ್ ಎನ್ನುವುದು.