ಚುಕ್ಕಿಯಂತೆ ಕಾಣುವ ನಕ್ಷತ್ರದ ಮೇಲೆ ಕಲೆ ಇರುವುದು ಹೇಗೆ ಗೊತ್ತಾಗುತ್ತದೆ?

ಮಡಿಕೇರಿಯಲ್ಲಾಗಲಿ ವಿರಾಜಪೇಟೆಯಲ್ಲಾಗಲಿ, ಆಕಾಶ ನೋಡಲು ನಾಲ್ಕು ಜನ ಸೇರಿದರೆ ಈ ಪ್ರಶ್ನೆ ಬಂದೇ ಬರುತ್ತದೆ. ನಮ್ಮ ಕೈಗೆ ಸಿಗುವ ಎಂಥ ದೂರದರ್ಶಕ ಇಟ್ಟರೂ ನಕ್ಷತ್ರ ಬರೀ ಚುಕ್ಕಿ. ಅದರ ಮೈಮೇಲೆ ಕಲೆ ಇದೆ ಅಂತ ಯಾವ ಧೈರ್ಯದ ಮೇಲೆ ಹೇಳುತ್ತೀರಿ? ಉತ್ತರ ಇಷ್ಟೇ: ನಾವು ನೋಡುವುದು ಕಲೆಯನ್ನಲ್ಲ, ನಕ್ಷತ್ರ ತಿರುಗಿದ ಹಾಗೆ ಅದರ ಬೆಳಕು ಏರಿಳಿಯುವುದನ್ನು.

ಕಲೆ ಅಂದರೆ ಮಸಿಯಲ್ಲ. ಬಲವಾದ ಕಾಂತಕ್ಷೇತ್ರ ಮೇಲೆದ್ದ ಜಾಗದಲ್ಲಿ ಒಳಗಿನ ಬಿಸಿ ಅನಿಲ ಕುದಿದು ಮೇಲೆ ಬರಲಾಗುವುದಿಲ್ಲ, ಹಾಗಾಗಿ ಆ ಜಾಗ ತಣ್ಣಗಾಗುತ್ತದೆ. ಸೂರ್ಯಕಲೆಗಳಲ್ಲಿ ಕಾಂತಕ್ಷೇತ್ರ ಇದೆ ಎಂದು 1908ರಲ್ಲೇ ಅಮೆರಿಕದ ಖಗೋಳವಿಜ್ಞಾನಿ ಜಾರ್ಜ್ ಎಲರಿ ಹೇಲ್ ಅಳೆದು ತೋರಿಸಿದ್ದರು. ಸೂರ್ಯನ ಮೈ ಸುಮಾರು 5,800 ಕೆಲ್ವಿನ್, ಕಲೆಯ ನಡುಭಾಗ 4,000ದ ಆಸುಪಾಸು. ಹೊಮ್ಮುವ ಬೆಳಕು ತಾಪಮಾನದ ನಾಲ್ಕನೇ ಘಾತದಂತೆ ಇಳಿಯುವುದರಿಂದ ಕಲೆ ಹೊಮ್ಮಿಸುವುದು ಸುತ್ತಲಿನ ಕಾಲುಭಾಗಕ್ಕಿಂತ ಕಡಿಮೆ. ಸೂರ್ಯನಲ್ಲಿ ಕಲೆಗಳು ಜೋರಾಗಿರುವ ವರ್ಷದಲ್ಲೂ ಅವು ಮುಚ್ಚುವುದು ಶೇ. 1ಕ್ಕಿಂತ ತೀರಾ ಕಡಿಮೆ. ಎಳೆಯ ನಕ್ಷತ್ರದಲ್ಲಿ ನಮ್ಮ ಕಡೆಯ ಮುಖದ ಶೇ. 5 ಮುಚ್ಚಿದರೆ ಬೆಳಕು ಶೇ. 4ರಷ್ಟು ಕುಗ್ಗುತ್ತದೆ. ಅದನ್ನು ಕ್ಯಾಮೆರಾ ಹಿಡಿಯುತ್ತದೆ.

ಎಳೆಯವಕ್ಕೇ ಯಾಕೆ ದೊಡ್ಡ ಕಲೆ? ವೇಗವಾಗಿ ತಿರುಗುತ್ತವೆ, ಅದಕ್ಕೆ. ಒಳಗೆ ಕಾಂತಕ್ಷೇತ್ರ ಹುಟ್ಟಿಸುವ ಡೈನಮೋಗೆ ಆ ತಿರುಗುವಿಕೆಯೇ ಬಲ. ವಯಸ್ಸಾದಂತೆ ನಕ್ಷತ್ರದಿಂದ ಬೀಸುವ ಕಾಂತೀಯ ಗಾಳಿಯೇ ಅದಕ್ಕೆ ಬ್ರೇಕ್ ಹಾಕುತ್ತದೆ. 1972ರಲ್ಲಿ ಖಗೋಳವಿಜ್ಞಾನಿ ಸ್ಕುಮಾನಿಚ್ ಕಂಡುಕೊಂಡ ಲೆಕ್ಕದ ಪ್ರಕಾರ ತಿರುಗುವ ಅವಧಿ ವಯಸ್ಸಿನ ವರ್ಗಮೂಲದಂತೆ ಬೆಳೆಯುತ್ತದೆ. ಸೂರ್ಯನಿಗೆ ವಯಸ್ಸು 460 ಕೋಟಿ ವರ್ಷ, ಒಂದು ಸುತ್ತಿಗೆ 25 ದಿನ; ಅದರಿಂದ ಸುಮಾರು 12.5 ಕೋಟಿ ವರ್ಷದ ಕೃತ್ತಿಕೆ ಗುಂಪಿನ ನಕ್ಷತ್ರಗಳಿಗೆ ಲೆಕ್ಕ ಹಾಕಿದರೆ 4 ದಿನ ಬರುತ್ತದೆ. ಇದು ಅಂದಾಜು. ಆ ಗುಂಪಿನಲ್ಲೇ ಒಂದು ದಿನದೊಳಗೆ ಸುತ್ತು ಮುಗಿಸುವವೂ ಇವೆ.

ಹಾಗಾದರೆ ಕೃತ್ತಿಕೆಯನ್ನೇ ಅಳೆಯೋಣ ಅನ್ನಿಸುತ್ತದೆ. ಬೇಡ. ಅಲ್ಲಿನ ಸೂರ್ಯನಂಥವು ಕಾಂತಿಮಾನ 10ಕ್ಕಿಂತ ಮಂಕು (ಈ ಅಂಕೆ ಹೆಚ್ಚಿದಷ್ಟೂ ನಕ್ಷತ್ರ ಮಂಕು), ಬೆಳಕು ಹೋಲಿಸಲು ಪಕ್ಕದ ನಕ್ಷತ್ರವನ್ನು ತೆಗೆದುಕೊಂಡರೆ ಅದೂ ಅದೇ ವಯಸ್ಸಿನದು, ಕಲೆಯಿಂದ ಏರಿಳಿಯುವಂಥದ್ದೇ. ಪುತ್ತರಿ ರಾತ್ರಿಯಂತೂ ಕೇಳಲೇಬೇಡಿ, ರೋಹಿಣಿಯ ಹುಣ್ಣಿಮೆ ಚಂದ್ರ ಅಲ್ಲೇ ಮಗ್ಗುಲಲ್ಲಿ ಇರುತ್ತಾನೆ. ಕೊಡಗಿಗೆ ಒಪ್ಪುವುದು ಎಲ್‌ಕ್ಯೂ ಹೈಡ್ರೇ: ಸೂರ್ಯನಿಗಿಂತ ತುಸು ತಣ್ಣನೆಯ ಎಳೆಯ ನಕ್ಷತ್ರ, ಕಾಂತಿಮಾನ ಸುಮಾರು 7.8, ತಿರುಗುವ ಅವಧಿ 1.6 ದಿನ. ಹೈಡ್ರಾ ನಕ್ಷತ್ರಪುಂಜದ ಹೊಳೆಯುವ ಆಲ್ಫಾರ್ಡ್‌ನಿಂದ ತೆಂಕಲಿಗೆ, ಕೊಂಚ ಮೂಡಲಿಗೆ, 3 ಡಿಗ್ರಿಯೊಳಗೆ ಸಿಗುತ್ತದೆ. ಫೆಬ್ರವರಿ ನಡುವಿನಲ್ಲಿ ನಡುರಾತ್ರಿಗೆ ದಕ್ಷಿಣದಲ್ಲಿ 66 ಡಿಗ್ರಿ ಎತ್ತರ. ಕಾಫಿ ಹೂ ಅರಳಿಸುವ ಹೂಮಳೆ ಶುರುವಾಗುವ ಮೊದಲು ಮುಗಿಸಿಕೊಳ್ಳಿ.

ತೋಟದೊಳಗೆ ಸಿಲ್ವರ್ ಓಕ್ ಬಿಡುವುದಿಲ್ಲ, ಕಾಫಿ ಒಣಗಿಸುವ ಕಣವೇ ಜಾಗ. ಡಿಎಸ್‌ಎಲ್‌ಆರ್, 200 ಎಂಎಂ ಲೆನ್ಸ್, ಎಫ್ 4, ಆಕಾಶದ ಜೊತೆ ತಿರುಗುವ ಟ್ರ್ಯಾಕರ್. ಐಎಸ್‌ಒ 400, ರಾ ಫೈಲ್, 20 ಸೆಕೆಂಡಿನ 15 ಚಿತ್ರ. ಫೋಕಸ್ ಬೇಕೆಂದೇ ಸ್ವಲ್ಪ ಕೆಡಿಸಿ. ಬೆಳಕು ಹಲವು ಪಿಕ್ಸೆಲ್‌ಗೆ ಹರಡದಿದ್ದರೆ ಅಳತೆ ಕುಣಿಯುತ್ತದೆ. ಕ್ಯಾಮೆರಾ, ಲೆನ್ಸಿನ ದೋಷ ಕಳೆಯಲು ಲೆನ್ಸ್ ಮುಚ್ಚಿ 20 ಕತ್ತಲೆಯ ಚಿತ್ರ (ಡಾರ್ಕ್), ಬಿಳಿ ಬಟ್ಟೆ ಕಟ್ಟಿ 20 ಸಮಬೆಳಕಿನ ಚಿತ್ರ (ಫ್ಲಾಟ್). ಹಸಿರು ಚಾನೆಲ್ ಮಾತ್ರ ಬಳಸಿ, ಅದೇ ಚಿತ್ರದಲ್ಲಿರುವ ಇದೇ ಬಣ್ಣದ ಎರಡು ಸ್ಥಿರ ನಕ್ಷತ್ರಗಳಿಗೆ ಹೋಲಿಸಿ. ಅವೆರಡರ ನಡುವಿನ ವ್ಯತ್ಯಾಸ 0.01 ಕಾಂತಿಮಾನದೊಳಗೆ ಬದಲಾಗದೆ ನಿಂತರೆ ಆ ರಾತ್ರಿ ನಂಬಿಕೆಗೆ ಅರ್ಹ. ಈ ನಕ್ಷತ್ರದ ಏರಿಳಿತ ಕೆಲವು ಸಲ 0.1ರಷ್ಟಿರುತ್ತದೆ.

ಕೆಡುವುದು ಎಲ್ಲಿ? ಮೊದಲನೆಯದು ಇಬ್ಬನಿ. ಹೀಟರ್ ಪಟ್ಟಿ ಸುತ್ತದ ಲೆನ್ಸ್ ನಡುರಾತ್ರಿಗೆ ಮಂಜಾಗುತ್ತದೆ, ಅದೂ ಒಂದೇ ಸಮನಾಗಿ ಅಲ್ಲ, ಹಾಗಾಗಿ ಹೋಲಿಕೆಯೂ ಸುಳ್ಳಾಗುತ್ತದೆ. ಇದಕ್ಕಿಂತ ಕಪಟಿ ಗಡಿಯಾರ. ದಿನಾ ರಾತ್ರಿ 9ಕ್ಕೆ ಒಂದೇ ಅಳತೆ ತೆಗೆದರೆ 1.6 ದಿನವೂ ಸರಿಹೊಂದುತ್ತದೆ, 2.67 ದಿನವೂ ಅಷ್ಟೇ ಚೆನ್ನಾಗಿ ಸರಿಹೊಂದುತ್ತದೆ. 9ಕ್ಕೊಂದು, 2ಕ್ಕೊಂದು ತೆಗೆಯಿರಿ: ನಿಜವಾದ ಅವಧಿಯಲ್ಲಿ ಬೆಳಕು ಏರಬೇಕಾದಲ್ಲಿ ಸುಳ್ಳು ಅವಧಿ ಇಳಿಯಬೇಕೆನ್ನುತ್ತದೆ, ಅಲ್ಲಿಗೆ ಜಗಳ ತೀರುತ್ತದೆ. 8 ರಾತ್ರಿಗೆ ಸರಿಯಾಗಿ 5 ಸುತ್ತು, ಆದ್ದರಿಂದ ಸತತ 8 ರಾತ್ರಿ ಸಿಕ್ಕರೆ ಮುಖದ ಎಲ್ಲ ಭಾಗವೂ ಒಮ್ಮೆ ಎದುರಾಗುತ್ತದೆ. ಎದುರುಬದುರು ಎರಡು ಕಲೆಗಳಿದ್ದರೆ ಮಾತ್ರ ಅವಧಿ ಅರ್ಧದಂತೆ ತೋರುತ್ತದೆ, ಎಚ್ಚರ.

ಕ್ಯಾಮೆರಾಗೆ ಸಿಗದ್ದೂ ಇದೆ. ಇಕೆ ಡ್ರಾಕೋನಿಸ್‌ನಂಥ ಎಳೆಯ ಸೂರ್ಯರಲ್ಲಿ ಧ್ರುವದ ಸುತ್ತಲೂ ಕಲೆ ಇರುತ್ತದೆ. ಸದಾ ನಮ್ಮೆದುರೇ ಇರುವ ಕಲೆಯಿಂದ, ನಕ್ಷತ್ರ ಎಷ್ಟು ಸುತ್ತಿದರೂ ಬೆಳಕು ಏರಿಳಿಯುವುದಿಲ್ಲ. ಅದನ್ನು ಹಿಡಿಯಲು ಬೆಳಕನ್ನು ಬಣ್ಣಗಳಾಗಿ ಬಿಡಿಸುವ ರೋಹಿತದರ್ಶಕವೇ ಬೇಕು: ತಿರುಗುವುದರಿಂದ ಅಗಲವಾದ ರೋಹಿತರೇಖೆಯಲ್ಲಿ ಸಾಮಾನ್ಯ ಕಲೆ ನೀಲಿ ಅಂಚಿನಿಂದ ಕೆಂಪು ಅಂಚಿಗೆ ಸರಿಯುವ ಉಬ್ಬಾಗಿ ಕಾಣುತ್ತದೆ, ಧ್ರುವದ ಕಲೆ ರೇಖೆಯ ತಳವನ್ನು ಚಪ್ಪಟೆ ಮಾಡಿ ಅಲ್ಲೇ ಕೂರುತ್ತದೆ.

ಹೋದ ವರ್ಷದ ಅಳತೆಗಳನ್ನು ಈ ವರ್ಷದ ಬೆಳಕಿನ ಏರಿಳಿತದ ನಕ್ಷೆಗೆ ಸೇರಿಸಬೇಡಿ. ಅಷ್ಟರಲ್ಲಿ ಆ ಕಲೆಗಳು ಹೋಗಿ ಬೇರೆ ಕಡೆ ಬೇರೆ ಎದ್ದಿರುತ್ತವೆ.