ಒಂದೇ ಭಾನುವಾರ, ಎರಡು ಬ್ಲೇಡ್ ರನ್ನರ್

‘ಬ್ಲೇಡ್ ರನ್ನರ್’ ಸಿನಿಮಾ 1982ರದ್ದು, 117 ನಿಮಿಷ. ಅದರ ಮುಂದಿನ ಭಾಗ ‘ಬ್ಲೇಡ್ ರನ್ನರ್ 2049’ ಬಂದಿದ್ದು 35 ವರ್ಷ ಬಿಟ್ಟು, 2017ರಲ್ಲಿ, 163 ನಿಮಿಷ. ಬೆಳಿಗ್ಗೆ ಹತ್ತೂವರೆಗೆ ಮೊದಲನೆಯದನ್ನು ಹಾಕಿ, ಊಟ ಮುಗಿಸಿ ಎರಡನೆಯದಕ್ಕೆ ಕೂತರೆ ಸಂಜೆ ಕಾಫಿಯ ಹೊತ್ತಿಗೆ ಎರಡೂ ಮುಗಿದಿದ್ದವು.

ಹಳೆಯದರಲ್ಲಿ ಹಾಕಿದ್ದು 2007ರ ಫೈನಲ್ ಕಟ್, ಅಂದರೆ ನಿರ್ದೇಶಕ ರಿಡ್ಲಿ ಸ್ಕಾಟ್ ತಮ್ಮಿಷ್ಟದಂತೆ ಮತ್ತೆ ಸಂಕಲಿಸಿದ ಪ್ರತಿ. ಇಲ್ಲಿ ಎಡವಿದರೆ ಇಡೀ ಹೋಲಿಕೆಯೇ ದಾರಿ ತಪ್ಪುತ್ತದೆ. 1982ರಲ್ಲಿ ಥಿಯೇಟರಿಗೆ ಬಂದ ಪ್ರತಿಯಲ್ಲಿ ಹ್ಯಾರಿಸನ್ ಫೋರ್ಡ್ ಕಣ್ಣಿಗೆ ಕಾಣುವುದನ್ನೇ ಮತ್ತೆ ಬಾಯಲ್ಲಿ ಹೇಳುತ್ತಾ ಹೋಗುತ್ತಾರೆ. ಕೊನೆಗೊಂದು ಅಂಟಿಸಿದ ಸುಖಾಂತ. ಅದರಲ್ಲಿ ಕಾಣುವ ಬೆಟ್ಟಗುಡ್ಡ ‘ದಿ ಶೈನಿಂಗ್’ಗೆಂದು ಹೆಲಿಕಾಪ್ಟರಿನಿಂದ ತೆಗೆದು ಉಳಿದಿದ್ದ ಫಿಲ್ಮು! ಫೋರ್ಡ್ ಮಾಡಿರುವ ಪೊಲೀಸ್ ಡೆಕರ್ಡ್ ಸ್ವತಃ ರೆಪ್ಲಿಕೆಂಟ್, ಅಂದರೆ ತಯಾರಿಸಿದ ಮನುಷ್ಯ, ಇರಬಹುದೇ ಎಂಬ ಅನುಮಾನ ಹುಟ್ಟಿಸುವ ಒಂಟಿಕೊಂಬಿನ ಕುದುರೆಯ ಕನಸೂ ಅದರಲ್ಲಿಲ್ಲ.

ಕಿಟಕಿಗೆ ದಪ್ಪ ಬೆಡ್‌ಶೀಟು ಕಟ್ಟುವವರೆಗೆ ಚಿತ್ರದ ಲಾಸ್ ಏಂಜಲೀಸಿಗಿಂತ ಎದುರುಮನೆಯ ಟೆರೇಸೇ ಪರದೆಯಲ್ಲಿ ಚೆನ್ನಾಗಿ ಕಾಣುತ್ತಿತ್ತು. ಟಿವಿಯ ಮೋಷನ್ ಸ್ಮೂದಿಂಗ್ ಕೂಡ ಆಫ್ ಆಗಬೇಕು. ಅದು ಫ್ರೇಮುಗಳ ನಡುವೆ ತನ್ನದೇ ಫ್ರೇಮು ತುರುಕುವುದರಿಂದ ಆ ಮಳೆ, ಹೊಗೆ ಎಲ್ಲ ಧಾರಾವಾಹಿಯ ಹಾಗೆ ಕಾಣತೊಡಗುತ್ತದೆ.

ಎರಡೂ ಚಿತ್ರದ ಶುರುವಿನಲ್ಲೇ ಪರದೆ ತುಂಬ ಒಂದು ಕಣ್ಣು. ಆಮೇಲೆ ದಾರಿ ಬೇರೆ. ಹೊಸದರಲ್ಲಿ ನಿರ್ದೇಶಕ ಡೆನಿ ವಿಲ್ನವ್ ಕ್ಯಾಮೆರಾವನ್ನು ಊರಾಚೆಯ ಒಂದು ತೋಟದ ಮನೆಗೆ ಒಯ್ಯುತ್ತಾರೆ. ಒಲೆಯ ಮೇಲೆ ಪಾತ್ರೆ ಕುದಿಯುತ್ತಿದೆ, ಒಬ್ಬ ಕಾಯುತ್ತಾ ಕೂತಿದ್ದಾನೆ. ಈ ದೃಶ್ಯ ಚಿತ್ರಕಥೆಗಾರ ಹ್ಯಾಂಪ್ಟನ್ ಫ್ಯಾಂಚರ್ ಹಳೆಯ ಚಿತ್ರಕ್ಕೆಂದೇ ಬರೆದದ್ದು. ಸ್ಟೋರಿಬೋರ್ಡ್ ಕೂಡ ಆಗಿತ್ತು, ಶೂಟಿಂಗ್ ಮಾತ್ರ ಆಗಲಿಲ್ಲ. ಪುನರಾವರ್ತನೆಯೂ ಅಲ್ಲ, ಹೊಸತೂ ಅಲ್ಲ. ಹಳೆಯ ಬಾಕಿ ತೀರಿಸಿದ ಹಾಗೆ.

ಹಳೆಯ ಚಿತ್ರದಲ್ಲಿ ಡೆಕರ್ಡ್‌ನ ಪ್ರೇಯಸಿಯಾಗಿದ್ದ ರೇಚಲ್ ಇಲ್ಲಿ ಮತ್ತೆ ನಡೆದು ಬರುತ್ತಾಳೆ. ಬೇರೊಬ್ಬ ನಟಿಯ ದೇಹಕ್ಕೆ ಶಾನ್ ಯಂಗ್ ಅವರ ಅಂದಿನ ಮುಖವನ್ನು ಕಂಪ್ಯೂಟರಿನಲ್ಲಿ ಕೂರಿಸಿದ್ದಾರೆ. ಮುದುಕ ಡೆಕರ್ಡ್ ಅವಳನ್ನೇ ದಿಟ್ಟಿಸಿ, ಅವಳ ಕಣ್ಣು ಹಸಿರಾಗಿತ್ತು ಎಂದು ಬೆನ್ನು ತಿರುಗಿಸುತ್ತಾನೆ. ತಮಾಷೆಯೆಂದರೆ ಶಾನ್ ಯಂಗ್ ಕಣ್ಣು ಕಂದು; 1982ರಲ್ಲಿ ರೆಪ್ಲಿಕೆಂಟರನ್ನು ಪತ್ತೆಹಚ್ಚುವ ಪರೀಕ್ಷಾ ಯಂತ್ರದ ಪರದೆಯ ಮೇಲೆ ಮಾತ್ರ ಅದು ಹಸಿರಾಗಿ ಕಾಣುತ್ತದೆ. ಬೆಳಿಗ್ಗೆಯಷ್ಟೇ ಅದನ್ನು ನೋಡಿದ್ದರಿಂದ ಮಾತು ಎರಡು ಕಡೆಗೆ ಕೊಯ್ಯಿತು: ಡೆಕರ್ಡ್ ಸುಳ್ಳು ಹೇಳಿದನೋ, ಅವನ ನೆನಪೇ ಯಂತ್ರ ತೋರಿಸಿದ ಬಣ್ಣದ್ದೋ? ಚಿತ್ರ ಬಿಡಿಸಿ ಹೇಳುವುದಿಲ್ಲ. ಡೆಕರ್ಡ್ ಮನುಷ್ಯನೋ ಅಲ್ಲವೋ ಎಂಬುದನ್ನೂ ಹೇಳುವುದಿಲ್ಲ. ಅವನ ನಾಯಿ ನಿಜವಾದದ್ದಾ ಎಂದು ಕೇಳಿದರೆ, ಅದನ್ನೇ ಕೇಳು ಅನ್ನುತ್ತಾನೆ. ತಡವಾಗಿ ಬರುವ ಎರಡನೆಯ ಭಾಗಗಳು ಸಾಮಾನ್ಯವಾಗಿ ಕೆಡುವುದು ಹಳೆಯ ಗಂಟುಗಳನ್ನೆಲ್ಲ ಬಿಚ್ಚಲು ಹೋಗಿ. ಇದು ಬಿಚ್ಚಲಿಲ್ಲ, ಇನ್ನೊಂದು ಗಂಟು ಹಾಕಿತು.

ಕೊರತೆಯೂ ಇದೆ. ಖಳ ವಾಲೆಸ್ ಬಾಯಿ ಬಿಟ್ಟರೆ ಪ್ರವಚನ. ಅವನ ಕೋಣೆಯ ಗೋಡೆಗಳ ಮೇಲೆ ನೀರಿನ ಬೆಳಕು ತೂಗಾಡುವುದೇ ಅವನಿಗಿಂತ ಹೆಚ್ಚು ಮಾತಾಡುತ್ತದೆ. ರೋಜರ್ ಡೀಕಿನ್ಸ್‌ಗೆ 14ನೆಯ ನಾಮನಿರ್ದೇಶನದಲ್ಲಿ ಮೊದಲ ಆಸ್ಕರ್ ಸಿಕ್ಕಿದ್ದು ಈ ಚಿತ್ರದ ಛಾಯಾಗ್ರಹಣಕ್ಕೆ. ರೆಪ್ಲಿಕೆಂಟರ ದಂಗೆಯ ಎಳೆ ಮೂರನೆಯ ಭಾಗದ ಟ್ರೇಲರಿನಂತೆ ಬಂದು ಹೋಗುತ್ತದೆ. ಊಟದ ಮೇಲಿನ ತೂಕಡಿಕೆ ಬಂದಿದ್ದೂ ಅಲ್ಲೇ.

ಸಂಗೀತದಲ್ಲಿ ಹಳೆಯದೇ ಮೇಲು. ವಾಂಗೆಲಿಸ್ ಊರಿನ ಒಂಟಿತನವನ್ನು ಸಿಂಥಸೈಜರಿನಲ್ಲಿ ಕೇಳಿಸಿದರೆ, ಹ್ಯಾನ್ಸ್ ಜಿಮ್ಮರ್ ಮತ್ತು ಬೆಂಜಮಿನ್ ವಾಲ್‌ಫಿಷ್ ಬಹಳ ಕಡೆ ಬರೀ ಗುಡುಗಿಸುತ್ತಾರೆ. ಆದರೆ ಹೊಸದರ ಕೊನೆಯಲ್ಲಿ ಗಾಯಗೊಂಡ ನಾಯಕ ‘ಕೆ’ ಮೆಟ್ಟಿಲ ಮೇಲೆ ಒರಗುತ್ತಾನೆ. ಹಳೆಯ ಚಿತ್ರದಲ್ಲಿ ರೆಪ್ಲಿಕೆಂಟ್ ರಾಯ್ ಸಾಯುವಾಗ ಮಳೆ, ಮಾತು, ಕೈಯಲ್ಲಿ ಪಾರಿವಾಳ. ಇಲ್ಲಿ ಹಿಮ ಬೀಳುತ್ತಿದೆ, ಬೆಳಿಗ್ಗೆ ಕೇಳಿದ ಆ ಮಳೆಯ ರಾಗವೇ ಮೆಲ್ಲಗೆ ಏಳುತ್ತದೆ. ಕೆ ಒಂದು ಮಾತೂ ಆಡುವುದಿಲ್ಲ. ಅಂಗೈ ಮೇಲೆ ಬಿದ್ದ ಹಿಮವನ್ನು ನೋಡುತ್ತಾನೆ.