ಪೀಟ್ ಡ್ರೇಕ್ ಬೆನ್ನು ಹತ್ತಿ ನ್ಯಾಶ್‌ವಿಲ್‌ಗೆ

ಅಮೆರಿಕದ ಹಳ್ಳಿಗಾಡಿನ ‘ಕಂಟ್ರಿ’ ಸಂಗೀತದ ತವರಾದ ನ್ಯಾಶ್‌ವಿಲ್‌ಗೆ ಹೋಗುವವರು ಎಲ್ಲವನ್ನೂ ನೋಡುವ ಆಸೆ ಬಿಡಿ. ಒಬ್ಬ ವಾದಕನನ್ನು ಆರಿಸಿಕೊಂಡು ಅವನ ಜಾಡು ಹಿಡಿಯಿರಿ. ನಾವು ಹಿಡಿದದ್ದು ಪೀಟ್ ಡ್ರೇಕ್‌ನ ಜಾಡು. ಇವನು ಪೆಡಲ್ ಸ್ಟೀಲ್ ಗಿಟಾರ್ ವಾದಕ, ಮುಂದೆ ರೆಕಾರ್ಡ್ ನಿರ್ಮಾಪಕನೂ ಆದ. ಹೆಸರು ಕೇಳಿರದಿದ್ದರೂ ಬಾಬ್ ಡಿಲನ್‌ನ ‘ಲೇ ಲೇಡಿ ಲೇ’ ಕೇಳಿದ್ದರೆ ಇವನ ಗಿಟಾರ್ ಕೇಳಿದ್ದೀರಿ.

ಅಟ್ಲಾಂಟಾದಲ್ಲಿರುವ ಕನ್ನಡಿಗರಿಗೆ ಇದು ಸಲೀಸು. ಕಾರಿನಲ್ಲಿ ಸುಮಾರು 400 ಕಿಲೋಮೀಟರ್, ಚಟ್ಟನೂಗಾ ದಾಟಿ ಹೋಗಬೇಕು. ನ್ಯಾಶ್‌ವಿಲ್ ಗಡಿಯಾರ ಒಂದು ಗಂಟೆ ಹಿಂದೆ, ಹೋಗುವಾಗ ಲಾಭ, ಬರುವಾಗ ನಷ್ಟ. ಜಾರ್ಜಿಯಾದ ಆಗಸ್ಟಾದಲ್ಲಿ 1932ರಲ್ಲಿ ಹುಟ್ಟಿದ ಡ್ರೇಕ್ ಕೂಡ ಅಟ್ಲಾಂಟಾದಲ್ಲಿ ಬ್ಯಾಂಡ್ ಕಟ್ಟಿದ್ದವನು. 1959ರಲ್ಲಿ ನ್ಯಾಶ್‌ವಿಲ್‌ಗೆ ಬಂದ. ಜೂನ್‌ನಲ್ಲಿ ಸಿಎಂಎ ಫೆಸ್ಟ್ ಎಂಬ ಕಂಟ್ರಿ ಸಂಗೀತೋತ್ಸವ ನಡೆಯುವ ದಿನಗಳನ್ನು ಮಾತ್ರ ತಪ್ಪಿಸಿ, ಹೋಟೆಲ್ ದರ ಕೇಳಿದರೆ ತಲೆ ತಿರುಗುತ್ತದೆ.

ಬೆಳಗ್ಗೆಯೇ ಕಂಟ್ರಿ ಮ್ಯೂಸಿಕ್ ಹಾಲ್ ಆಫ್ ಫೇಮ್ ಮ್ಯೂಸಿಯಂಗೆ ಹೋಗಿ. ಹಳೇ ರೆಕಾರ್ಡಿಂಗ್ ಸ್ಟುಡಿಯೊ ಆದ ಆರ್‌ಸಿಎ ಸ್ಟುಡಿಯೊ ಬಿ ಟಿಕೆಟನ್ನೂ ಜೊತೆಗೇ ಮೊದಲೇ ಮಾಡಿಸಿಕೊಳ್ಳಿ. ಅದರ ಬಸ್ ಮ್ಯೂಸಿಯಂನಿಂದಲೇ ಹೊರಡುತ್ತದೆ. ಮ್ಯೂಸಿಯಂನ ದುಂಡನೆಯ ಹಾಲ್‌ನಲ್ಲಿ ಹಾಲ್ ಆಫ್ ಫೇಮ್ ಗೌರವ ಪಡೆದವರ ಕಂಚಿನ ಫಲಕಗಳಿವೆ. ಡ್ರೇಕ್‌ನನ್ನು ಅಲ್ಲಿಗೆ ಆರಿಸಿದ್ದು 2021ರಲ್ಲಿ, ಅವನು ತೀರಿಕೊಂಡು 33 ವರ್ಷ ಆದಮೇಲೆ. ಹಾಡುಗಾರರ ಹಿಂದೆ ಕೂತು ನುಡಿಸುವವರ ಪಾಡು ಎಲ್ಲ ಕಡೆ ಹೀಗೇ, ಅಲ್ವಾ?

ವಾದ್ಯದ ಬಗ್ಗೆ ಸ್ವಲ್ಪ ತಿಳಿದುಕೊಂಡು ಹೋದರೆ ಜಾಸ್ತಿ ಖುಷಿ ಸಿಗುತ್ತದೆ. ನಮ್ಮ ರೇಡಿಯೊದಲ್ಲಿ ಸಿನಿಮಾ ಹಾಡು ನುಡಿಸುತ್ತಿದ್ದ ಹವಾಯನ್ ಗಿಟಾರ್‌ನ ವಂಶದ್ದೇ ಇದು. ತಂತಿಯ ಮೇಲೆ ಉಕ್ಕಿನ ಸರಳು ಜಾರಿಸುತ್ತಾ, ಕಾಲಲ್ಲಿ ಪೆಡಲ್ ಒತ್ತಿ, ಮೊಣಕಾಲಲ್ಲಿ ಲಿವರ್ ತಳ್ಳಿ ಸ್ವರ ಬದಲಿಸುತ್ತಾರೆ. ಡ್ರೇಕ್ ಇದಕ್ಕೂ ಒಂದು ಹೆಜ್ಜೆ ಮುಂದೆ ಹೋದ. ಗಿಟಾರ್ ಸದ್ದನ್ನು ಪ್ಲಾಸ್ಟಿಕ್ ಕೊಳವೆಯಲ್ಲಿ ಬಾಯಿಗೆ ತಂದು, ತುಟಿ ಆಡಿಸಿ ಅದನ್ನು ‘ಮಾತಾಡಿಸಿದ’. 1964ರ ‘ಫಾರೆವರ್’ ಹಾಡು ಹಾಗೆ ಹುಟ್ಟಿದ್ದು. 1970ರಲ್ಲಿ ಬೀಟಲ್ಸ್ ತಂಡದ ಜಾರ್ಜ್ ಹ್ಯಾರಿಸನ್‌ನ ಆಲ್ಬಂಗೆ ನುಡಿಸಲು ಲಂಡನ್‌ಗೆ ಹೋದಾಗ ಅದನ್ನು ತೋರಿಸಿದ. ನೋಡಿದವರಲ್ಲಿ ರಾಕ್ ಗಿಟಾರ್ ವಾದಕ ಪೀಟರ್ ಫ್ರಾಂಪ್ಟನ್ ಕೂಡ ಒಬ್ಬ, ಮುಂದೆ ಈ ಸದ್ದಿಗೆ ಹೆಸರಾದವನು. ಅಲ್ಲೇ ಬೀಟಲ್ಸ್‌ನ ಡ್ರಮ್ಮರ್ ರಿಂಗೋ ಸ್ಟಾರ್ ಪರಿಚಯ ಆಯಿತು. ಅವನ ಕಾರಿನಲ್ಲಿ ಕಂಟ್ರಿ ಟೇಪ್‌ಗಳನ್ನು ಕಂಡ ಡ್ರೇಕ್, ನ್ಯಾಶ್‌ವಿಲ್‌ಗೆ ಬಾ ಅಂದ. ಕೆಲವೇ ದಿನಗಳಲ್ಲಿ ರಿಂಗೋನ ಆಲ್ಬಂ ‘ಬೊಕೂಸ್ ಆಫ್ ಬ್ಲೂಸ್’ ತಯಾರು, ನಿರ್ಮಾಪಕ ಡ್ರೇಕ್.

ಮಧ್ಯಾಹ್ನ ರೆಕಾರ್ಡಿಂಗ್ ಸ್ಟುಡಿಯೊಗಳ ಬಡಾವಣೆ ಮ್ಯೂಸಿಕ್ ರೋನಲ್ಲಿ ಸುಮ್ನೆ ನಡೆಯಿರಿ. ಬಹುತೇಕ ಸಾಧಾರಣ ಮನೆಗಳಂಥ ಕಟ್ಟಡಗಳು, ನಿರಾಸೆ ಆಗಬಹುದು. ಕಂಟ್ರಿ ಗಾಯಕಿ ಟ್ಯಾಮಿ ವೈನೆಟ್‌ಳ ‘ಸ್ಟ್ಯಾಂಡ್ ಬೈ ಯುವರ್ ಮ್ಯಾನ್’ಗೆ ಡ್ರೇಕ್ ನುಡಿಸಿದ ಕ್ವಾನ್ಸೆಟ್ ಹಟ್ ಸ್ಟುಡಿಯೊ ಇಲ್ಲೇ.

ಸಸ್ಯಾಹಾರಿಗಳು ಒಂದು ವಿಷಯ ನೆನಪಿಡಿ. ‘ಮೀಟ್ ಆ್ಯಂಡ್ ತ್ರೀ’ (ಒಂದು ಮಾಂಸ, ಮೂರು ಪಲ್ಯ) ಊಟದಂಗಡಿಗಳಲ್ಲಿ ಎಷ್ಟೋ ಸಲ ತರಕಾರಿ ಪಲ್ಯಕ್ಕೂ ಮಾಂಸ ಬಿದ್ದಿರುತ್ತದೆ. ಕೇಳಿಯೇ ತಿನ್ನಿ.

ಸಂಜೆ ಬ್ರಾಡ್‌ವೇ ಬೀದಿ. ಸಾಲು ಸಾಲು ಬಾರ್, ಕಿವಿ ಗಡಚಿಕ್ಕುವ ರಾಕ್. ಹಳೇ ಕಂಟ್ರಿ ಬೇಕಾದವರು ರಾಬರ್ಟ್ಸ್ ವೆಸ್ಟರ್ನ್ ವರ್ಲ್ಡ್ ಬಾರ್‌ಗೆ ಹೋಗಿ, ವೇದಿಕೆಯಲ್ಲಿ ಸ್ಟೀಲ್ ಗಿಟಾರ್ ಇರುವ ಕಡೆಗೆ ಕೂರಿ. ರಾತ್ರಿ ಇಲ್ಲಿಯ ಬಾರ್‌ಗಳಲ್ಲಿ ಸಾಮಾನ್ಯವಾಗಿ 21 ದಾಟಿದವರಿಗೆ ಮಾತ್ರ ಪ್ರವೇಶ. ತಲೆ ನರೆತಿದ್ದರೂ ಗುರುತಿನ ಚೀಟಿ ಕೇಳುತ್ತಾರೆ. ಮಕ್ಕಳಿದ್ದರೆ ಹಗಲಲ್ಲೇ ಕೇಳಿ ಬನ್ನಿ. ಚಿಲ್ಲರೆ ಡಾಲರ್ ಜೇಬಲ್ಲಿರಲಿ. ವಾದಕರ ಸಂಪಾದನೆಯಲ್ಲಿ ದೊಡ್ಡ ಪಾಲು ಆ ಟಿಪ್ಸ್ ಡಬ್ಬಿಯಿಂದಲೇ ಬರುತ್ತದೆ.